ಮೂರು ಬೆರಳು ಹೋಗದ ಬಾಯಿ

ಯಂತ್ರ, ಎಕ್ಸ್‌ರೇ, ರಕ್ತದ ಚೀಟಿ ಏನೂ ಬೇಡದ ಪರೀಕ್ಷೆಯೊಂದು ಹಲ್ಲಿನ ಡಾಕ್ಟರ ಬಳಿ ಇದೆ. "ಕಾಕಾ, ಮೂರು ಬಟ್ಟು ಜೋಡಿಸಿ ನಿಲ್ಲಿಸಿ ಹಿಡೀರಿ, ಬಾಯಾಗ ಹಾಕ್ರಿ ನೋಡೂಣು" ಎನ್ನುತ್ತಾರೆ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಅವರವರ ಕೈಯ ಮೂರು ಬೆರಳು ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತದೆ ಎಂದು ಲೆಕ್ಕ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಈ ಪರೀಕ್ಷೆಗೆ ಕೂತವರಲ್ಲಿ ಎರಡೇ ಬೆರಳು ಹೋಗುವವರು, ಒಂದಕ್ಕೇ ಬಾಯಿ ಬಿಗಿಯುವವರು ಸಿಗುವುದು ಅಪರೂಪವೇನಲ್ಲ. ಅವರಲ್ಲಿ ಹೆಚ್ಚಿನವರು ಬಂದಿರುವುದು ಬೇರೆ ತಕರಾರು ಹೊತ್ತು. "ಖಾರ ತಿಂದ್ರ ಬಾಯಿ ಉರೀತೈತ್ರಿ" ಎಂದೋ, "ರೊಟ್ಟಿ ತುತ್ತು ತುಸು ದೊಡ್ಡದಾದ್ರ ಒಳಗ ಹೋಗವಲ್ದು" ಎಂದೋ. ಜೇಬಿನಲ್ಲಿ ಅಡಿಕೆ, ತಂಬಾಕು ಬೆರೆಸಿದ ಮಾವಾ ಪೊಟ್ಟಣ ಇದ್ದೇ ಇರುತ್ತದೆ.

ಈ ರೋಗವನ್ನು ವೈದ್ಯರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೆನ್ನೆಯ ಒಳಪದರ ಮೆತ್ತಗೆ, ಗುಲಾಬಿ ಬಣ್ಣಕ್ಕೆ, ರಬ್ಬರಿನಂತೆ ಹಿಗ್ಗುವ ಹಾಗೆ ಇರಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಆ ಪದರದ ಕೆಳಗಿನ ಕೋಶಗಳನ್ನು ಕೆಣಕಿ ಕೊಲಾಜನ್ ನಾರನ್ನು ಬೇಕಾದ್ದಕ್ಕಿಂತ ಹೆಚ್ಚು ನೇಯಿಸುತ್ತದೆ, ನೇಯ್ದದ್ದು ಕರಗದ ಹಾಗೆಯೂ ಮಾಡುತ್ತದೆ. ಕೆನ್ನೆ ಬಿಳಿಚಿಕೊಳ್ಳುತ್ತದೆ, ಬೆರಳಿಗೆ ಹುರಿಗಟ್ಟಿದ ಪಟ್ಟಿಗಳು ಸಿಗುತ್ತವೆ, ನಾಲಿಗೆ ಮುಂದಕ್ಕೆ ಚಾಚಲಾರದು. ಈ ಕಾಯಿಲೆಯನ್ನು ಆಧುನಿಕ ವೈದ್ಯಕೀಯ ಮೊದಲು ಬರೆದಿಟ್ಟದ್ದು 1952ರಲ್ಲಿ. ಪೂರ್ವ ಆಫ್ರಿಕಕ್ಕೆ ವಲಸೆ ಹೋಗಿದ್ದ ಐವರು ಭಾರತೀಯ ಹೆಂಗಸರ ಬಾಯಿ ನೋಡಿ ಶ್ವಾರ್ಟ್ಜ್ ಎಂಬ ವೈದ್ಯ ಅದನ್ನು ವರದಿ ಮಾಡಿದ. ಮರುವರ್ಷ ಮುಂಬೈಯ ಜೋಶಿ ಇಂದಿನ ಹೆಸರು ಕೊಟ್ಟರು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಬಿಡದೆ ಹಿಂಬಾಲಿಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಅವರಲ್ಲಿ ಐವರಿಗೆ, ಅಂದರೆ ಶೇ 7.6 ಮಂದಿಗೆ, ಬಾಯಿಯ ಕ್ಯಾನ್ಸರ್ ಆಗಿತ್ತು.

ನಮ್ಮ ಸೀಮೆಗೆ ಅಡಿಕೆ-ತಂಬಾಕಿನ ಈ ಚಟ ಎಲ್ಲಿಂದ ಬಂತು ಎಂದು ದೂರ ಹುಡುಕಬೇಕಿಲ್ಲ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ದಾಟಿದರೆ ನಿಪ್ಪಾಣಿ, ಬೀಡಿ ತಂಬಾಕಿನ ಹೆಸರಾಂತ ಪೇಟೆ. ಗಡಿಯ ಹಳ್ಳಿಗಳಲ್ಲಿ ಹೆಂಗಸರು ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ 'ಮಿಶ್ರಿ' ಎಂದು ಹಲ್ಲಿಗೆ ತಿಕ್ಕುವುದನ್ನು ನೋಡಿಯೇ ಬೆಳೆದವರು ನಾವು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಹಾಕುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು, ಸುಪ್ರೀಂ ಕೋರ್ಟ್ 1997ರಲ್ಲಿ ಅದನ್ನು ಎತ್ತಿಹಿಡಿಯಿತು. ಮನೆಯ ಒಲೆಯ ಮೇಲೆ ಹುರಿಯುವುದಕ್ಕೆ ಯಾವ ಕಾನೂನೂ ತಲುಪುವುದಿಲ್ಲ. ಕರ್ನಾಟಕ 2013ರ ಮೇ ಕೊನೆಗೆ ಗುಟಕಾ ನಿಷೇಧಿಸಿದಾಗ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಗಿರಾಕಿಯೇ ಬೆರೆಸಿಕೊಂಡ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 16.3 ಜನ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು.

ಹೀಗೆ ಬಿಗಿದುಕೊಂಡ ಬಾಯಿಯನ್ನು ಔಷಧಿಯಿಂದ ಸಡಿಲಿಸಲು ಬರುತ್ತದೆಯೇ? ಈ ಪ್ರಶ್ನೆಗೆ ಸರಿಯಾದ ಕ್ರಮದಲ್ಲಿ ಉತ್ತರ ಹುಡುಕಿದ ಜಗತ್ತಿನ ಮೊದಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ಬೆಳಗಾವಿಯಲ್ಲಿ. ನಮ್ಮ ಮೂರೂ ತಾಲ್ಲೂಕಿನ ಜನ ಹಲ್ಲಿನ ದೊಡ್ಡ ತೊಂದರೆಗೆ ಬಸ್ಸು ಹತ್ತಿ ಹೋಗುವ ಊರು ಅದು. ಕೆಎಲ್ಇ ಸಂಸ್ಥೆಯ ದಂತ ಮಹಾವಿದ್ಯಾಲಯ 1985ರಲ್ಲಿ ಅಲ್ಲಿ ಶುರುವಾಯಿತು. ಇಂದು ಅದು ಹೊತ್ತಿರುವುದು ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯ ವಿಶ್ವನಾಥ ಕತ್ತಿಯವರ ಹೆಸರು. ಅಲ್ಲಿನ ಓರಲ್ ಮೆಡಿಸಿನ್ ವಿಭಾಗದ ಕುಮಾರ್, ಅಂಜನಾ ಬಾಗೇವಾಡಿ, ವೈಶಾಲಿ ಕೆಲುಸ್ಕರ್, ಸಿಂಗ್ ಸೇರಿ ಬರೆದ ಪ್ರಬಂಧ 2007ರಲ್ಲಿ ಅಂತರರಾಷ್ಟ್ರೀಯ ದಂತವೈದ್ಯ ಪತ್ರಿಕೆಯೊಂದರಲ್ಲಿ ಬಂತು. ಅವರು ಪರೀಕ್ಷೆಗೆ ಒಡ್ಡಿದ್ದು ಲೈಕೊಪೀನ್ ಅನ್ನು. ಟೊಮೆಟೊ ಹಣ್ಣಿಗೆ, ಕಲ್ಲಂಗಡಿಗೆ ಕೆಂಪು ಬಣ್ಣ ಕೊಡುವ ವಸ್ತು.

58 ರೋಗಿಗಳು. ಅವರನ್ನು ಯಾದೃಚ್ಛಿಕವಾಗಿ, ಅಂದರೆ ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರ ಮರ್ಜಿಗಾಗಲಿ ರೋಗಿಯ ಮರ್ಜಿಗಾಗಲಿ ಬಿಡದೆ, ಮೂರು ಪಾಲು ಮಾಡಿದರು. 21 ಜನಕ್ಕೆ ದಿನಕ್ಕೆ 16 ಮಿಲಿಗ್ರಾಂ ಲೈಕೊಪೀನ್. 19 ಜನಕ್ಕೆ ಅದೇ ಲೈಕೊಪೀನ್ ಜೊತೆ ಕೆನ್ನೆಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು. ಉಳಿದ 18 ಜನಕ್ಕೆ ಔಷಧಿಯ ಅಂಶವೇ ಇಲ್ಲದ ಹುಸಿಮದ್ದು. ಎರಡು ತಿಂಗಳ ಮೇಲೆ ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆದರು. ಲೈಕೊಪೀನ್ ಗುಂಪಿನಲ್ಲಿ ಸರಾಸರಿ 3.4 ಮಿಲಿಮೀಟರ್ ಹೆಚ್ಚಿತ್ತು, ಚುಚ್ಚುಮದ್ದೂ ಸೇರಿದ ಗುಂಪಿನಲ್ಲಿ 4.6. ಹುಸಿಮದ್ದಿನವರಲ್ಲಿ ಸೊನ್ನೆ.

ಮೂರೂವರೆ ಮಿಲಿಮೀಟರ್ ಎಂದರೆ ಒಂದು ಬೆರಳಿನ ದಪ್ಪದ ಕಾಲು ಭಾಗಕ್ಕೂ ತುಸು ಕಡಿಮೆ. ಇಷ್ಟಕ್ಕೇ ಇಷ್ಟೆಲ್ಲ ಯಾಕೆ ಎನಿಸಬಹುದು. ಆದರೆ ಒಂದೇ ಬೆರಳು ಹೋಗುವ ಬಾಯಿಯವನನ್ನು ಕೇಳಿ. ಅವನಿಗೆ ಅದು ಚಮಚೆ ಒಳಗೆ ಹೋಗುವುದಕ್ಕೂ ಹೋಗದಿರುವುದಕ್ಕೂ ಇರುವ ಅಂತರ. ನನ್ನ ಕಣ್ಣಿಗೆ ಆ ಮೂರು ಅಂಕಿಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಮಾತ್ರ ಆ ಸೊನ್ನೆ. ಅದಿಲ್ಲದಿದ್ದರೆ 3.4 ಎಂಬುದಕ್ಕೆ ಅರ್ಥವೇ ಇಲ್ಲ. ಆಸ್ಪತ್ರೆಗೆ ಬಂದ ಮೇಲೆ ರೋಗಿ ನಾಲ್ಕು ದಿನ ಗುಟಕಾ ಕಡಿಮೆ ಮಾಡಿರಬಹುದು, ಡಾಕ್ಟರು ಹೇಳಿದಂತೆ ಬಾಯಿಯ ವ್ಯಾಯಾಮ ಮಾಡಿರಬಹುದು, ಅಳೆಯುವ ದಿನ ಹುರುಪಿನಿಂದ ತುಸು ಹೆಚ್ಚೇ ಬಾಯಿ ತೆರೆದಿರಬಹುದು. ಹುಸಿಮದ್ದಿನ ಗುಂಪಿನಲ್ಲೂ ಇವೆಲ್ಲ ನಡೆದೇ ಇರುತ್ತದೆ. ಅವರ ಬಾಯಿ ಮಿಸುಕಲಿಲ್ಲ ಎಂದರೆ ಉಳಿದವರಲ್ಲಿ ಕಂಡ ವ್ಯತ್ಯಾಸಕ್ಕೆ ಔಷಧಿಯೇ ಕಾರಣ ಎನ್ನಲು ಧೈರ್ಯ ಬರುತ್ತದೆ. ಹಾಗಂತ ನಾಳೆಯಿಂದ ದಿನಾ ಟೊಮೆಟೊ ಸಾರು ಉಂಡು ಜೊತೆಗೆ ಮಾವಾ ಮುಂದುವರಿಸಬಹುದು ಎಂದಲ್ಲ. ಆ ಪ್ರಯೋಗ ಕೊಟ್ಟದ್ದು ಅಳೆದ ಪ್ರಮಾಣದ ಔಷಧಿ, ಸಾರಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಜಗತ್ತಿನಾದ್ಯಂತ ನಡೆದ ಚಿಕಿತ್ಸಾ ಪ್ರಯೋಗಗಳನ್ನು ಜರಡಿ ಹಿಡಿದು ನೋಡುವ ಕೊಕ್ರೇನ್ ಎಂಬ ಸಂಘಟನೆ 2008ರಲ್ಲಿ ಈ ರೋಗದ ಚಿಕಿತ್ಸೆಗಳನ್ನು ಪರಿಶೀಲಿಸಿತು. ಜರಡಿಯಲ್ಲಿ ಉಳಿದದ್ದು ಎರಡೇ ಪ್ರಯೋಗ, ಒಟ್ಟು 87 ರೋಗಿಗಳು. ಒಂದು ಬೆಳಗಾವಿಯ ಈ 58 ಜನರದ್ದು, ಇನ್ನೊಂದು ಪೆಂಟಾಕ್ಸಿಫಿಲಿನ್ ಮಾತ್ರೆಯನ್ನು 29 ಜನರಲ್ಲಿ ನೋಡಿದ್ದು. ಅಷ್ಟನ್ನೂ ಓದಿದ ಮೇಲೆ ಕೊಕ್ರೇನ್ ಕೊಟ್ಟ ತೀರ್ಪು ನಮಗೆ ಹಿತವಾದುದೇನಲ್ಲ: ಯಾವ ಚಿಕಿತ್ಸೆಯನ್ನೂ ಗಟ್ಟಿಯಾಗಿ ಶಿಫಾರಸು ಮಾಡುವಷ್ಟು ನಂಬಲರ್ಹ ಸಾಕ್ಷ್ಯ ಇಲ್ಲ, ಇರುವ ಪ್ರಯೋಗಗಳೂ ಕಡಿಮೆ, ಅವುಗಳ ಗುಣಮಟ್ಟವೂ ಕಡಿಮೆ. ಈ ರೋಗದ ಭಾರ ಹೊತ್ತಿರುವುದೇ ಭಾರತ ಮತ್ತು ಅದರ ಅಕ್ಕಪಕ್ಕದ ದೇಶಗಳು. ಅಮೆರಿಕದವರೋ ಸ್ವೀಡನ್ನಿನವರೋ ಬಂದು ಇದಕ್ಕೆ ಮದ್ದು ಹುಡುಕಿಕೊಡುತ್ತಾರೆ ಎಂದು ಕಾಯುವಂತಿಲ್ಲ. ನಾವೇ ಮಾಡಬೇಕು, ಈಗ ಮಾಡಿದ್ದಕ್ಕಿಂತ ದೊಡ್ಡದಾಗಿ ಮಾಡಬೇಕು.

ಯಾದೃಚ್ಛಿಕ ಹಂಚಿಕೆ, ಹೋಲಿಕೆಯ ಗುಂಪು ಎಂದರೆ ಏನೋ ಪರದೇಶದ ವಿದ್ಯೆ ಎಂದುಕೊಳ್ಳಬೇಕಿಲ್ಲ. ಅರಭಾವಿಯಲ್ಲೋ ಸಂಕೇಶ್ವರದಲ್ಲೋ ಕೃಷಿ ಸಂಶೋಧನಾ ಕೇಂದ್ರದ ಪ್ರಾತ್ಯಕ್ಷಿಕೆ ತಾಕು ನೋಡಿದ ರೈತನಿಗೆ ಇದು ಹೊಸತಲ್ಲ. ಒಂದೇ ಹೊಲ, ಒಂದೇ ನೀರು, ಒಂದೇ ಕಬ್ಬಿನ ತಳಿ. ಒಂದು ತಾಕಿಗೆ ಹೊಸ ಗೊಬ್ಬರ, ಮಗ್ಗುಲಿನದಕ್ಕೆ ಇಲ್ಲ. ಯಾವ ತಾಕಿಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ಇಲ್ಲದಿದ್ದರೆ ಒಳ್ಳೆಯ ಮಣ್ಣಿಗೇ ಒಳ್ಳೆಯ ಗೊಬ್ಬರ ಬಿದ್ದು ಲೆಕ್ಕ ಕೆಡುತ್ತದೆ. ಈ ಉಪಾಯ ಹುಟ್ಟಿದ್ದೇ ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಇದಕ್ಕೆ ಗಣಿತದ ತಳಪಾಯ ಹಾಕಿದ. ವೈದ್ಯರು ಅದನ್ನು ಎರವಲು ಪಡೆದದ್ದು ಆಮೇಲೆ.

ದಂತವೈದ್ಯರಿಗೆ ಮಾತ್ರ ಒಂದು ಹೆಚ್ಚಿನ ಅನುಕೂಲ ಇದೆ. ಬಾಯಿಗೆ ಎಡ, ಬಲ ಎರಡು ಕಡೆ. ಬಲಗಡೆಯ ದವಡೆ ಹಲ್ಲಿಗೆ ಒಂದು ಬಗೆಯ ಸಿಮೆಂಟು ತುಂಬಿ ಎಡಗಡೆಗೆ ಇನ್ನೊಂದು ಬಗೆಯದು ತುಂಬಿದರೆ ಒಬ್ಬನೇ ರೋಗಿ ತನಗೆ ತಾನೇ ಹೋಲಿಕೆಯಾಗುತ್ತಾನೆ. ಅದೇ ಜೊಲ್ಲು, ಅದೇ ಊಟ, ಅದೇ ಚಟ. ವಸಡಿನ ಚಿಕಿತ್ಸೆಯಲ್ಲಿ 1960ರ ದಶಕದ ಕೊನೆಯಿಂದ ಈ ಪದ್ಧತಿ ಬಳಕೆಯಲ್ಲಿದೆ. ಬಾಯಿ ಮುಕ್ಕಳಿಸುವ ದ್ರವಗಳ ವಿಷಯದಲ್ಲಿ ಇದು ನಡೆಯುವುದಿಲ್ಲ, ಬಲಗಡೆ ಮುಕ್ಕಳಿಸಿದ್ದು ಎಡಕ್ಕೂ ಹರಿಯುತ್ತದಲ್ಲ.

ಗೋಕಾಕದ ಹೆಸರು ಹೇಳಿ ಕರದಂಟನ್ನು ಬಿಟ್ಟರೆ ಆ ಊರಿನವರು ಕ್ಷಮಿಸಲಾರರು. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಎಲ್ಲ ಸೇರಿ ಹಲ್ಲಿನ ಸಂದಿಗೆ ಹೊಕ್ಕು ಕೂತಿತೆಂದರೆ ನಾಲಿಗೆಯಿಂದ ಎಷ್ಟು ತಡಕಿದರೂ ಬಿಡದು. ಬಾಣಂತಿಗೆ ಅದು ಕಸುವು ಎನ್ನುತ್ತಾರೆ, ಇರಲಿ. ಹಲ್ಲಿಗೆ ಏನು? ಈ ಪ್ರಶ್ನೆಗೆ ಉತ್ತರ ಕೊಟ್ಟ ಪ್ರಯೋಗ ನಡೆದದ್ದು ಸ್ವೀಡನ್ನಿನ ಲುಂಡ್ ನಗರದ ವಿಪೆಹೋಮ್ ಆಸ್ಪತ್ರೆಯಲ್ಲಿ, 1945ರಿಂದ 1953ರವರೆಗೆ. ಹಲ್ಲು ಹುಳುಕಾಗುವುದಕ್ಕೆ ಸಕ್ಕರೆಯೇ ಕಾರಣವೇ ಎಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಆಸ್ಪತ್ರೆಯ ವಾಸಿಗಳನ್ನು ಗುಂಪು ಮಾಡಿ, ಕೆಲವರಿಗೆ ಊಟದ ಜೊತೆ ಸಕ್ಕರೆ ಬೆರೆಸಿದ ಪಾನೀಯ ಕೊಟ್ಟರು, ಕೆಲವರಿಗೆ ಸಿಹಿ ಬ್ರೆಡ್ಡು, ಕೆಲವರಿಗೆ ಚಾಕೊಲೇಟು. ಇನ್ನು ಕೆಲವರಿಗೆ ಊಟಗಳ ನಡುವೆ ಹಲ್ಲಿಗೆ ಅಂಟುವ ಟಾಫಿ, ಒಂದು ಗುಂಪಿಗೆ ದಿನಕ್ಕೆ 24ರವರೆಗೆ. 1954ರಲ್ಲಿ ಫಲಿತಾಂಶ ಪ್ರಕಟವಾಯಿತು. ಊಟದ ಜೊತೆ ಬೇಕಾದಷ್ಟು ಸಕ್ಕರೆ ತಿಂದವರ ಹಲ್ಲು ಅಷ್ಟೇನೂ ಕೆಡಲಿಲ್ಲ. ಹೊತ್ತುಹೊತ್ತಿಗೆ ಅಂಟು ಸಿಹಿ ಚೀಪಿದವರ ಹಲ್ಲು ಹಾಳಾಗಿ ಹೋಯಿತು. ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ, ತಿಂದದ್ದು ಎಷ್ಟು ಹೊತ್ತು ಹಲ್ಲಿಗೆ ಅಂಟಿತ್ತು ಎನ್ನುವುದು ಮುಖ್ಯ ಎಂಬ ಮಾತು ಅಲ್ಲಿಂದ ಬಂದದ್ದು. ಮಕ್ಕಳಿಗೆ ಶನಿವಾರ ಮಾತ್ರ ಸಿಹಿ ಕೊಡುವ ರೂಢಿ ಸ್ವೀಡನ್ನಿನಲ್ಲಿ ಬೆಳೆದದ್ದೂ ಇದರ ಹಿಂದೆಯೇ. ಹಾಗಾಗಿ ಕರದಂಟನ್ನು ಊಟದ ಜೊತೆ ತಿಂದು ಬಾಯಿ ತೊಳೆದರೆ ಹಲ್ಲಿನ ಡಾಕ್ಟರು ತಕರಾರು ಮಾಡುವುದಿಲ್ಲ. ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಸಂಜೆಯವರೆಗೆ ಚೂರುಚೂರೇ ಬಾಯಿಗೆ ಹಾಕುವುದು ಬೇರೆ ಮಾತು.

ಇಷ್ಟು ಉಪಯುಕ್ತ ಪ್ರಯೋಗದ ಹೆಸರು ಹೇಳಲು ಇಂದು ಸ್ವೀಡನ್ನಿನವರೇ ನಾಚುತ್ತಾರೆ. ವಿಪೆಹೋಮ್ ಬುದ್ಧಿಮಾಂದ್ಯರ ಆಸ್ಪತ್ರೆ. ಅಲ್ಲಿನವರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ, ಕೇಳಿದರೂ ಹೇಳುವ ಸ್ಥಿತಿಯಲ್ಲಿ ಬಹಳ ಜನ ಇರಲಿಲ್ಲ. ಬೇಕೆಂತಲೇ ಅವರ ಹಲ್ಲು ಕೆಡಿಸಲಾಯಿತು. ಖರ್ಚಿನ ಒಂದು ಪಾಲು ಸಕ್ಕರೆ, ಮಿಠಾಯಿ ಉದ್ಯಮದಿಂದಲೇ ಬಂದಿತ್ತು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಇರುವ ಆ ಜ್ಞಾನಕ್ಕೆ ತಮ್ಮ ಹಲ್ಲು ತೆತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬೆಳಗಾವಿಯ ಪ್ರಯೋಗದಲ್ಲಿ 18 ಜನಕ್ಕೆ ಹುಸಿಮದ್ದು ಕೊಟ್ಟದ್ದು ಅನ್ಯಾಯವಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಸಾಬೀತಾದ ಚಿಕಿತ್ಸೆ ಇದ್ದೂ ಅದನ್ನು ತಡೆಹಿಡಿದರೆ ಅನ್ಯಾಯ, ಯಾವುದು ಚಿಕಿತ್ಸೆ ಎಂಬುದೇ ಗೊತ್ತಿಲ್ಲದಾಗ ಹೋಲಿಸಿ ನೋಡುವುದು ಅನ್ಯಾಯವಲ್ಲ.

ಹೋಲಿಸದೆ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಬಸುರಿಯರ ವಸಡಿನ ಕತೆ ಇದೆ. ವಸಡಿನ ರೋಗ ಇರುವ ಬಸುರಿಯರಿಗೆ ದಿನ ತುಂಬುವ ಮುನ್ನ ಹೆರಿಗೆಯಾಗುವ, ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಏಳು ಪಟ್ಟು ಎಂದು 1996ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಎಲ್ಲರೂ ಬೆಚ್ಚಿದರು. ಹಾಗಾದರೆ ವಸಡು ಶುಚಿ ಮಾಡಿದರೆ ಕೂಸು ಉಳಿಯುತ್ತದೆ ಎಂಬ ತೀರ್ಮಾನಕ್ಕೂ ಬಂದರು. ಹತ್ತು ವರ್ಷದ ಮೇಲೆ 823 ಬಸುರಿಯರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಹೆರಿಗೆಗೆ ಮುನ್ನ, ಇನ್ನೊಂದಕ್ಕೆ ಹೆರಿಗೆಯ ನಂತರ ವಸಡಿನ ಚಿಕಿತ್ಸೆ ಕೊಟ್ಟು ನೋಡಿದರು. ಮುನ್ನವೇ ಚಿಕಿತ್ಸೆ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ಶೇ 12.0, ಇನ್ನೊಂದು ಪಾಲಿನಲ್ಲಿ ಶೇ 12.8. ಹೆಚ್ಚೂಕಡಿಮೆ ಒಂದೇ. ಬಡತನ, ಧೂಮಪಾನ, ಪೌಷ್ಟಿಕತೆಯ ಕೊರತೆ ಇವೇ ವಸಡನ್ನೂ ಕೆಡಿಸಿ ಹೆರಿಗೆಯನ್ನೂ ಕೆಡಿಸುತ್ತಿದ್ದಿರಬಹುದು. ಒಂದು ಲಾಭವಂತೂ ಆಯಿತು. ಬಸುರಿಯರಿಗೆ ಹಲ್ಲಿನ ಚಿಕಿತ್ಸೆ ಮಾಡಿದರೆ ಕೂಸಿಗೆ ಅಪಾಯವಿಲ್ಲ ಎಂಬುದು ಅದೇ ಪ್ರಯೋಗದಲ್ಲಿ ಖಾತ್ರಿಯಾಯಿತು. "ಹೊಟ್ಟೀಲಿದ್ದಾಗ ಹಲ್ಲ ಮುಟ್ಟಸಬಾರದವ್ವ" ಎನ್ನುವ ಅತ್ತೆಯಂದಿರಿಗೆ ಇದನ್ನು ಹೇಳಬೇಕು.

ಆ ಪ್ರಯೋಗ ಪ್ರಕಟವಾದ 2006ರಲ್ಲೇ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಹೆಸರು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಗೆ ಹತ್ತಿತು. ಹಲ್ಲಿನ ವಿಷಯಕ್ಕಲ್ಲ, ಬಾಣಂತಿಯರ ರಕ್ತಸ್ರಾವದ ವಿಷಯಕ್ಕೆ. ಆದರೂ ನನ್ನ ವಾದಕ್ಕೆ ಇದೇ ಮುಖ್ಯ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಭಾಲಚಂದ್ರ ಕೊಡಕಣಿ, ಶಿವಪ್ರಸಾದ ಗೌಡರ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ತಂಡ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 2002ರಿಂದ 2005ರವರೆಗೆ 1,620 ಹೆಂಗಸರಲ್ಲಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಹುಸಿಮಾತ್ರೆಯ ಜೊತೆ ಹೋಲಿಸಿ ನೋಡಿತು. ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಡಾಕ್ಟರಲ್ಲ, 25 ಮಂದಿ ಎಎನ್ಎಂ ಸಿಸ್ಟರ್‌ಗಳು. ಬಾಣಂತಿಯ ಕೆಳಗೆ ಹಾಸಿದ ಹಾಳೆಯಲ್ಲಿ ಸಂಗ್ರಹವಾದ ರಕ್ತವನ್ನು ಅಳೆದು ಬರೆದವರೂ ಅವರೇ. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿ ರಕ್ತಸ್ರಾವ ತಡೆಗೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದಾಗ ಹಿಂದಿದ್ದ ಸಾಕ್ಷ್ಯದಲ್ಲಿ ನಮ್ಮ ಹಳ್ಳಿಯ ಬಾಣಂತಿಯರ ಪಾಲೂ ಇತ್ತು.

ಅಂದರೆ ಹಳ್ಳಿಯಲ್ಲಿ ದೊಡ್ಡ ಪ್ರಯೋಗ ಮಾಡಲು ಆಗದು, ಜನ ಒಪ್ಪರು, ಲೆಕ್ಕ ಸಿಗದು ಎಂಬ ನೆಪ ಈ ಜಿಲ್ಲೆಯಲ್ಲಿ ನಡೆಯುವುದಿಲ್ಲ. ಇಪ್ಪತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾಗಿದೆ. ಬಾಯಿಯ ವಿಷಯದಲ್ಲಿ ಕೇರಳದವರು ಇದನ್ನೇ ಮಾಡಿದರು. ತಿರುವನಂತಪುರ ಜಿಲ್ಲೆಯ 13 ಪಂಚಾಯತಿ ಗುಂಪುಗಳಲ್ಲಿ 1996ರಿಂದ 2004ರವರೆಗೆ, 35 ವರ್ಷ ದಾಟಿದ 1,91,873 ಜನ. ಏಳು ಗುಂಪುಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಟಾರ್ಚ್ ಹಿಡಿದು ಬಾಯಿ ನೋಡಿದರು, ಮೂರು ವರ್ಷಕ್ಕೊಮ್ಮೆ ಮೂರು ಸುತ್ತು. ಆರು ಗುಂಪುಗಳಲ್ಲಿ ಎಂದಿನಂತೆ ಬಿಟ್ಟರು. ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು, ಸರಿಯಾಗಿ ಹೇಳುವುದಾದರೆ ಶೇ 34ರಷ್ಟು, ಕಡಿಮೆಯಾಗಿತ್ತು. ಚಟ ಇಲ್ಲದವರನ್ನೂ ಸೇರಿಸಿ ನೋಡಿದರೆ ಲಾಭ ಗಟ್ಟಿಯಾಗಿ ಹೇಳುವಷ್ಟು ಕಾಣಲಿಲ್ಲ. ಆ ಎರಡನೆಯ ವಾಕ್ಯವೂ ಅಷ್ಟೇ ಕೆಲಸಕ್ಕೆ ಬರುವಂಥದ್ದು. ಎಲ್ಲರ ಬಾಯಿ ನೋಡುತ್ತ ಕೂರಬೇಡಿ, ಯಾರ ಕಿಸೆಯಲ್ಲಿ ಪೊಟ್ಟಣ ಇದೆಯೋ ಅವರ ಬಾಯಿ ನೋಡಿ ಎಂದು ಅದು ಹೇಳುತ್ತದೆ. ಬೆಂಗಳೂರಿನ ಕೆಎಲ್ಇ ದಂತ ಕಾಲೇಜಿನ ಪ್ರವೀಣ ಬಿರೂರ್ ಅವರ ತಂಡ ಆಮೇಲೆ ಇದಕ್ಕೆ ಮೊಬೈಲ್ ಫೋನ್ ಜೋಡಿಸಿತು. ಆರೋಗ್ಯ ಕಾರ್ಯಕರ್ತೆ ಹಳ್ಳಿಯಲ್ಲಿ ಬಾಯಿಯ ಫೋಟೊ ತೆಗೆದು ಕಳಿಸಿದರೆ ದೂರದಲ್ಲಿ ಕೂತ ತಜ್ಞರು ನೋಡಿ ಹೇಳುವ ವ್ಯವಸ್ಥೆ. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹುಕ್ಕೇರಿಯ ಗಡಿ ಹಳ್ಳಿಗಳಿಗೆ ಹೇಳಿ ಮಾಡಿಸಿದಂತಿದೆ. ಮಿಶ್ರಿ ತಿಕ್ಕುವ ಹೆಂಗಸರನ್ನೇ ಗುರಿಯಾಗಿಟ್ಟು, ಬಿಡಿಸುವ ಎರಡು ದಾರಿಗಳನ್ನು ಊರೂರಿಗೆ ಹಂಚಿ ಹೋಲಿಸಿದರೆ ಅದರಿಂದ ಮಹಾರಾಷ್ಟ್ರಕ್ಕೂ ಉಪಯೋಗ.

ಅದರ ಬದಲು ಆಗುತ್ತಿರುವುದೇನು? ನಮ್ಮ ದಂತ ಕಾಲೇಜುಗಳಲ್ಲಿ ಸಂಶೋಧನೆಯ ದೊಡ್ಡ ಪಾಲು ಎಂಡಿಎಸ್ ವಿದ್ಯಾರ್ಥಿಗಳ ಪ್ರಬಂಧ. ಮೂರು ವರ್ಷದ ಕೋರ್ಸು. ವಿಷಯ ಆರಿಸಿ ಒಪ್ಪಿಗೆ ಪಡೆಯುವಷ್ಟರಲ್ಲಿ ಮೊದಲ ವರ್ಷದ ಬಹುಭಾಗ ಹೋಗುತ್ತದೆ, ಕೊನೆಯ ವರ್ಷ ಪರೀಕ್ಷೆಗೆ. ಉಳಿದ ನಡುವಿನ ಅವಧಿಯಲ್ಲಿ ಎಷ್ಟು ಜನ ಸಿಗುತ್ತಾರೆ? ಮೂವತ್ತು, ನಲವತ್ತು. ಎಷ್ಟು ದಿನ ನೋಡಲಾಗುತ್ತದೆ? ಒಂದು ತಿಂಗಳು, ಮೂರು ತಿಂಗಳು. ತ್ರಿಫಲಾ ನೀರು ಒಳ್ಳೆಯದೋ ಕ್ಲೋರ್‌ಹೆಕ್ಸಿಡಿನ್ ಒಳ್ಳೆಯದೋ, ಎಳ್ಳೆಣ್ಣೆ ಮುಕ್ಕಳಿಸಿದರೆ ಬ್ಯಾಕ್ಟೀರಿಯಾ ಇಳಿಯುತ್ತದೆಯೋ ಇಲ್ಲವೋ ಎಂಬ ಚಿಕ್ಕಚಿಕ್ಕ ಪ್ರಯೋಗಗಳು ದೇಶದ ತುಂಬ ಆಗಿವೆ. ಹುಡುಗ ಹುಡುಗಿಯರ ಶ್ರಮವನ್ನು ನಾನು ಹಗುರ ಮಾಡುತ್ತಿಲ್ಲ. ಬೆಳಗಾವಿಯ ಆ ಲೈಕೊಪೀನ್ ಪ್ರಯೋಗದಲ್ಲೂ ಇದ್ದವರು 58 ಜನ, ನೋಡಿದ್ದು ಎರಡೇ ತಿಂಗಳು. ಆದರೆ ಫೈಬ್ರೋಸಿಸ್ ಕ್ಯಾನ್ಸರಿಗೆ ತಿರುಗಲು ವರ್ಷಗಟ್ಟಲೆ ಬೇಕು. ಮೂರೂವರೆ ಮಿಲಿಮೀಟರ್ ಐದನೇ ವರ್ಷಕ್ಕೂ ಉಳಿಯುತ್ತದೆಯೇ ಎಂಬುದಕ್ಕೆ ಪದವಿ ಮುಗಿಸಿ ಊರು ಬಿಟ್ಟು ಹೋದ ವಿದ್ಯಾರ್ಥಿ ಉತ್ತರ ಕೊಡಲಾರ. ಹತ್ತು ಕಾಲೇಜುಗಳು ಕೂಡಿ ಒಂದೇ ಪ್ರಶ್ನೆಯನ್ನು ಹಿಡಿದು, ಒಬ್ಬ ವಿದ್ಯಾರ್ಥಿ ಬಿಟ್ಟಲ್ಲಿಂದ ಮುಂದಿನವನು ಎತ್ತಿಕೊಂಡರೆ ಅದೇ ಶ್ರಮ, ಅದೇ ಖರ್ಚಿನಲ್ಲಿ ಲೋಕಕ್ಕೆ ಬೇಕಾದ ಉತ್ತರ ಸಿಗುತ್ತದೆ. ಹಾಗೆ ಮಾಡಲು ಅಡ್ಡ ಬರುತ್ತಿರುವುದು ಹಣವಲ್ಲ, ಪ್ರತಿಯೊಬ್ಬನಿಗೂ ಪ್ರತ್ಯೇಕ ಶೀರ್ಷಿಕೆ ಬೇಕೆನ್ನುವ ನಮ್ಮ ಪರೀಕ್ಷಾ ಪದ್ಧತಿ ಎಂಬುದು ನನ್ನ ಅನಿಸಿಕೆ.

ಕೇಳಬೇಕಾದ ಪ್ರಶ್ನೆಗಳಿಗೇನೂ ಬರವಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ನಮ್ಮ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕುತ್ತವೆ. ಆ ಮಕ್ಕಳ ಹಾಲುಹಲ್ಲಿನ ಹುಳುಕಿಗೆ ಕುರ್ಚಿ, ಕರೆಂಟು, ಡ್ರಿಲ್ ಒದಗಿಸುವವರು ಯಾರು? ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವ ಇದೆ. ಅದರ ಹನಿ ಸವರಿದರೆ ಹುಳುಕು ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತದೆ, ಕೊರೆಯುವುದು ಬೇಡ, ಸೂಜಿ ಬೇಡ. ಹುಳುಕಿನ ಜಾಗ ಮಾತ್ರ ಕಡುಗಪ್ಪಾಗುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಗ್ಲಾಸ್ ಅಯಾನೊಮರ್ ಸಿಮೆಂಟನ್ನೂ ಫ್ಲೋರೈಡ್ ಪೇಸ್ಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಮದ್ದು ಕೆಲಸ ಮಾಡುತ್ತದೆ ಎಂಬುದು ಬೇರೆ ದೇಶಗಳಲ್ಲಿ ಗೊತ್ತಾಗಿದೆ. ಮಗಳ ಮುಂದಿನ ಹಲ್ಲು ಕಪ್ಪಾದರೆ ಮೂಡಲಗಿಯ ತಾಯಿ ಒಪ್ಪುತ್ತಾಳೆಯೇ, ಆರು ತಿಂಗಳ ಮೇಲೆ ಗ್ಯಾಂಗು ಊರಿಗೆ ಹೋದಾಗ ಎರಡನೆಯ ಸಲ ಸವರುವವರು ಯಾರು ಎಂಬುದನ್ನು ಇಲ್ಲಿಯೇ ನೋಡಿ ತಿಳಿಯಬೇಕು.

ಪ್ರಯೋಗಗಳು ಹಳ್ಳಿಗೆ ಬರಬೇಕಾದರೆ ಸಹಿ ಮಾಡುವವರಿಗೂ ತಮ್ಮ ಹಕ್ಕು ಗೊತ್ತಿರಬೇಕು. 2009ರ ಜೂನ್ 15ರಿಂದ ಭಾರತದಲ್ಲಿ ಪ್ರತಿ ಚಿಕಿತ್ಸಾ ಪ್ರಯೋಗವೂ ಶುರುವಾಗುವ ಮುನ್ನ ಭಾರತೀಯ ಚಿಕಿತ್ಸಾ ಪ್ರಯೋಗ ನೋಂದಣಿಯಲ್ಲಿ ದಾಖಲಾಗಬೇಕು, ಅದಕ್ಕೊಂದು ಸಂಖ್ಯೆ ಇರುತ್ತದೆ. ಯಾರು ಬೇಕಾದರೂ ಅದನ್ನು ಅಂತರ್ಜಾಲದಲ್ಲಿ ನೋಡಬಹುದು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಯಾರ ಬಾಯಿಯನ್ನೂ ಸಂಶೋಧನೆಗೆ ಮುಟ್ಟುವಂತಿಲ್ಲ. ಮಾಹಿತಿ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ಗೋಕಾಕದಲ್ಲಾದರೆ ಕನ್ನಡ, ಗಡಿಯಲ್ಲಿ ಬೇಕಾದರೆ ಮರಾಠಿ. ಓದಲು ಬಾರದವರಿಗೆ ಓದಿ ಹೇಳಬೇಕು, ಹೆಬ್ಬೆಟ್ಟು ಒತ್ತುವಾಗ ಸಂಶೋಧಕರ ಕಡೆಯವನಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಶಾಲೆಯ ಮಕ್ಕಳ ಬಾಯಿ ನೋಡಿ ಪ್ರಯೋಗ ಮಾಡಲು ಮುಖ್ಯೋಪಾಧ್ಯಾಯರ ಅನುಮತಿ ಸಾಲದು. ತಂದೆತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನದ್ದೂ ಬೇಕು. ನಡುವೆ ಬೇಡವೆನಿಸಿದರೆ ಬಿಟ್ಟು ಬರಬಹುದು, ಬಿಟ್ಟಿರಿ ಎಂದು ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಅದರ ಚಿಕಿತ್ಸೆಯ ಖರ್ಚು ನಿಮ್ಮದಲ್ಲ.

ಹಾಗಾಗಿ ಆಸ್ಪತ್ರೆಯಲ್ಲಿ ಯಾರಾದರೂ ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದರೆ ಹೆದರಿ ಓಡಬೇಡಿ, ಡಾಕ್ಟರ ದಾಕ್ಷಿಣ್ಯಕ್ಕೆ ಸಹಿಯನ್ನೂ ಹಾಕಬೇಡಿ. ನೋಂದಣಿ ಸಂಖ್ಯೆ ಎಷ್ಟು, ಎಷ್ಟು ಜನರನ್ನು ಸೇರಿಸುತ್ತೀರಿ, ಎಷ್ಟು ದಿನ ನೋಡುತ್ತೀರಿ, ಹುಸಿಮದ್ದು ಸಿಕ್ಕವರಿಗೆ ಕೊನೆಗೆ ಏನು ಕೊಡುತ್ತೀರಿ ಎಂದು ಕೇಳಿ. ಉತ್ತರ ಸಮಾಧಾನ ತಂದರೆ ಸೇರಿ. ಸಹಿಯಾದ ಒಪ್ಪಿಗೆ ಪತ್ರದ ಒಂದು ಪ್ರತಿ ನಿಮಗೆ ಸೇರಬೇಕಾದ್ದು, ಅದನ್ನು ಕೇಳಿ ಪಡೆದು ಮನೆಗೆ ತನ್ನಿ.